ಎಲ್ಲರೂ ಕೊಳಲಿಗೆ ಶ್ರುತಿ ಸೇರಿಸಿದ ವರ್ಷ

ನಾನು ದಕ್ಷಿಣ ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಂಗೀತದ ಟೀಚರ್. ನಾನು ಸೇರಿದಾಗ ಶಾಲೆಯಲ್ಲಿ ಮಾರ್ಚ್‌ಪಾಸ್ಟ್‌ಗೆ ಒಂದು ಬ್ಯಾಂಡ್ ಇತ್ತು. ಸೈಡ್ ಡ್ರಮ್ಮು, ಬೇಸ್ ಡ್ರಮ್ಮು, ಎರಡು ಟ್ರಂಪೆಟ್, ಮೂರು ಕ್ಲಾರಿನೆಟ್. ಅದೇ ಶಾಲೆಯಲ್ಲಿ ಸಂಜೆ ಪಾಠಕ್ಕೆ ಹೋಗಿ ಪಿಟೀಲು, ಕೊಳಲು, ಮೃದಂಗ ಕಲಿಯುವ ಮಕ್ಕಳೂ ಇದ್ದರು. ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ, ಆದರೆ ಒಟ್ಟಿಗೆ ಒಂದು ಸಾಲೂ ನುಡಿಸಿದವರಲ್ಲ. ಇವರನ್ನೆಲ್ಲ ಸೇರಿಸಿ ವಾರ್ಷಿಕೋತ್ಸವದಲ್ಲಿ ನುಡಿಸಬೇಕು ಅನ್ನುವುದು ನನ್ನ ಆಸೆ. ಒಟ್ಟು 22 ಮಕ್ಕಳು.

ಮೊದಲ ವರ್ಷ ಚೆನ್ನಾಗಿ ಆಗಲಿಲ್ಲ. ಡಿಸೆಂಬರ್ ತಿಂಗಳು, ಮೈದಾನದಲ್ಲಿ ವೇದಿಕೆ. ಸಂಜೆ ಐದಕ್ಕೆ ಕ್ಲಾಸ್‌ರೂಮಿನೊಳಗೆ ಕೀಬೋರ್ಡಿಗೆ ಎಲ್ಲರ ಶ್ರುತಿ ಸೇರಿಸಿದೆ. ನಮ್ಮ ಸರದಿ ಬಂದಾಗ ಏಳೂವರೆ. ಬೆಂಗಳೂರಿನ ಡಿಸೆಂಬರ್ ಚಳಿ ಗೊತ್ತಲ್ವಾ? ಮೊದಲ ಸಾಲಿನಲ್ಲೇ ಕೊಳಲು, ಕ್ಲಾರಿನೆಟ್ ಕೆಳಗೆ ಇಳಿದಿದ್ದವು, ಪಿಟೀಲು ಮೇಲೆ ಹೋಗಿತ್ತು. ಮಕ್ಕಳು ತಪ್ಪು ಸ್ವರ ನುಡಿಸಲಿಲ್ಲ. ಆದರೂ ಕೇಳುವುದಕ್ಕೆ ಕಷ್ಟವಾಯಿತು. ವೇದಿಕೆಯಿಂದ ಇಳಿದ ಕೊಳಲಿನ ಹುಡುಗಿ "ಮಿಸ್, ನಾನೇನು ತಪ್ಪು ಮಾಡಿದೆ?" ಎಂದು ಅತ್ತಳು. ಅವಳ ತಪ್ಪು ಏನೂ ಇರಲಿಲ್ಲ. ಅದನ್ನು ನೋಡಿಕೊಳ್ಳಬೇಕಾದವಳು ನಾನು.

ಕಾರಣ ಸರಳ. ಗಾಳಿ ತಣ್ಣಗಾದರೆ ಅದರಲ್ಲಿ ಶಬ್ದದ ವೇಗ ಕಡಿಮೆಯಾಗುತ್ತದೆ, ಊದುವ ವಾದ್ಯದ ಶ್ರುತಿ ಇಳಿಯುತ್ತದೆ. ವಾದ್ಯದೊಳಗಿನ ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಸುಮಾರು ಅರ್ಧ ಸ್ವರದ ಮೂರನೇ ಒಂದು ಭಾಗ ಇಳಿಯುತ್ತದೆ. ಪಿಟೀಲಿನ ಲೋಹದ ತಂತಿ ಚಳಿಗೆ ಕುಗ್ಗಿ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಅಂದರೆ ಎರಡೂ ಎದುರು ದಿಕ್ಕಿಗೆ ಹೋಗುತ್ತವೆ.

ಮರುವರ್ಷ ಜುಲೈನಲ್ಲೇ ಶುರು ಮಾಡಿದೆವು. ಮೊದಲ ಪ್ರಶ್ನೆ: ಎಲ್ಲರ "ಸ" ಎಲ್ಲಿ? ಟ್ರಂಪೆಟ್, ಕ್ಲಾರಿನೆಟ್ ಎರಡೂ ಬಿ ಫ್ಲಾಟ್ ವಾದ್ಯಗಳು. ಅವರು ಸಿ ನುಡಿಸಿದರೆ ಕೀಬೋರ್ಡಿನಲ್ಲಿ ಅದು ಬಿ ಫ್ಲಾಟ್. ಅದನ್ನೇ "ಸ" ಮಾಡಿದರೆ ಬ್ಯಾಂಡಿನವರಿಗೆ ಸುಲಭ. ಆದರೆ ಪಿಟೀಲು ಮಕ್ಕಳು ಅಷ್ಟು ದೂರ ತಂತಿ ಎಳೆದರೆ ಹರಿಯುತ್ತದೆ, ಬಿಟ್ಟರೆ ಸಡಿಲವಾಗಿ ನಾದವೇ ಹೋಗುತ್ತದೆ. ಎರಡು ವಾರ ನೋಡಿ ಎಫ್‌ಗೆ ಬಂದೆ, ಕರ್ನಾಟಕ ಸಂಗೀತದ ಲೆಕ್ಕದಲ್ಲಿ ನಾಲ್ಕು ಕಟ್ಟೆ. ಪಿಟೀಲಿಗೆ, ಕೊಳಲಿಗೆ ಹಿತ. ಟ್ರಂಪೆಟ್, ಕ್ಲಾರಿನೆಟ್‌ನವರಿಗೆ ಅವರ ಜಿ "ಸ" ಆಯಿತು, ನೆನಪಿಡಬೇಕಾದದ್ದು ಒಂದೇ ಒಂದು ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿದ ಸ್ವರ. ಆಮೇಲೆ ನಾನು ಎಫ್, ಜಿ ಅನ್ನುವುದನ್ನೇ ಬಿಟ್ಟೆ. ಎಲ್ಲರಿಗೂ ಸರಿಗಮ ಒಂದೇ. ಗೊಂದಲ ಅರ್ಧ ಕರಗಿತು.

ನುಡಿಸಲು ಎರಡು ನೋಟ್ಟುಸ್ವರ ಆರಿಸಿಕೊಂಡೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ಮಾಡಿದ ಪುಟ್ಟ ರಚನೆಗಳಿವು. ರಾಗ ಶಂಕರಾಭರಣ, ಸ್ವರವನ್ನು ಓಲಾಡಿಸುವ ಗಮಕ ಇಲ್ಲ. ಟ್ರಂಪೆಟ್ಟಿಗೂ ಕೀಬೋರ್ಡಿಗೂ ಕೂತುಕೊಳ್ಳುತ್ತದೆ, ಪಾಠಕ್ಕೆ ಹೋಗುವ ಮಕ್ಕಳಿಗೆ ಮೊದಲೇ ಬಾಯಿಗೆ ಬಂದಿರುತ್ತದೆ. ಇಂಥ ಮಿಶ್ರ ಗುಂಪಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ.

ಮೊದಲ ಮೂರು ವಾರ ವಾದ್ಯ ಮುಟ್ಟಿಸಲಿಲ್ಲ. ಸುಮ್ನೆ ಹಾಡಿಸಿದೆ. ಡ್ರಮ್ ಹುಡುಗರೂ ಹಾಡಿದರು, ಕೈಯಲ್ಲಿ ತಾಳ ಹಾಕಿದರು. ಮಾರ್ಚ್‌ಪಾಸ್ಟ್ ಅಭ್ಯಾಸದಿಂದ ಅವರ ಕೈ ನಿಮಿಷಕ್ಕೆ 120 ಪೆಟ್ಟಿನ ಕಡೆಗೇ ಓಡುತ್ತಿತ್ತು. ಮೆಟ್ರೋನೋಮ್ ಆ್ಯಪ್ ಹಾಕಿ 60ರಿಂದ ಶುರು ಮಾಡಿದೆವು. ಎಲ್ಲರೂ ತಪ್ಪಿಲ್ಲದೆ ಮುಗಿಸಿದರೆ ಮಾತ್ರ ನಾಲ್ಕು ಜಾಸ್ತಿ. ಇನ್ನೊಂದು ಅಭ್ಯಾಸವೂ ಉಪಯೋಗಕ್ಕೆ ಬಂತು: ಕೊನೆಯ ಸಾಲನ್ನು ಮೊದಲು ಕಲಿಸುವುದು, ಆಮೇಲೆ ಅದರ ಹಿಂದಿನದು. ಹಾಗೆ ಕಲಿತ ಮಕ್ಕಳು ಮುಂದೆ ಹೋದಂತೆಲ್ಲ ಹೆಚ್ಚು ಗೊತ್ತಿರುವ ಜಾಗಕ್ಕೆ ಬರುತ್ತಾರೆ.

ಸಮಯವೇ ದೊಡ್ಡ ಕಷ್ಟ. 40 ನಿಮಿಷದ ಪೀರಿಯಡ್‌ನಲ್ಲಿ ವಾದ್ಯ ಬಿಚ್ಚಿ ಜೋಡಿಸುವುದಕ್ಕೇ ಹತ್ತು ನಿಮಿಷ. "ಮಿಸ್, ಇವಳದು ಈ ವರ್ಷ ಎಸ್ಸೆಸ್ಸೆಲ್ಸಿ, ಬಿಟ್ಟುಬಿಡಿ" ಎಂದು ಒಬ್ಬರು ತಾಯಿ ಬಂದರು. ಮಂಗಳವಾರ, ಗುರುವಾರ ಬೆಳಗ್ಗೆ ಏಳೂಕಾಲಕ್ಕೆ ಮಾತ್ರ, ಓದಿನ ಹೊತ್ತು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟೆ, ಉಳಿಸಿಕೊಂಡೆ. ಆ ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ.

ಇನ್ನು ಶ್ರುತಿಯ ವಿಷಯ. ಟ್ರಂಪೆಟ್ಟಿಗೆ ಟ್ಯೂನಿಂಗ್ ಸ್ಲೈಡ್ ಇದೆ, ಒಳಗೆ ತಳ್ಳಿದರೆ ಏರುತ್ತದೆ, ಎಳೆದರೆ ಇಳಿಯುತ್ತದೆ. ಕ್ಲಾರಿನೆಟ್ಟಿಗೆ ಊದುವ ತುದಿಯ ಕೆಳಗೆ ಬ್ಯಾರೆಲ್ ಅನ್ನುವ ತುಂಡು. ಪಿಟೀಲಿಗೆ ಬಿರಡೆ. ಮೃದಂಗಕ್ಕೆ ಅಂಚು ತಟ್ಟಿ ಶ್ರುತಿ ಮಾಡುವ ಕಲ್ಲು. ನಮ್ಮ ಕೀಬೋರ್ಡಿನಲ್ಲೂ ಶ್ರುತಿ ಸ್ವಲ್ಪ ಏರಿಸಿ ಇಳಿಸುವ ಸೆಟ್ಟಿಂಗ್ ಇತ್ತು, ಮೊದಲ ವರ್ಷ ನಾನು ಅದನ್ನು 440ರಿಂದ ("ಎ" ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಎಲ್ಲೆಡೆ ಬಳಸುವ ಅಳತೆ) ಕದಲಿಸಿರಲೇ ಇಲ್ಲ. ಬಿದಿರಿನ ಕೊಳಲಿಗೆ ಮಾತ್ರ ಇಂಥದ್ದು ಏನೂ ಇಲ್ಲ. ತುಟಿಯ ಕೋನ, ಉಸಿರು, ಅಷ್ಟೇ. ಹಾಗಿದ್ದಮೇಲೆ ಬದಲಾಗಲು ಆಗದವರಿಗೆ ಬದಲಾಗಬಲ್ಲವರು ಸೇರಬೇಕು. ಎಲ್ಲರೂ ಕೊಳಲಿಗೇ ಶ್ರುತಿ ಸೇರಿಸುವುದು ಎಂದು ಗೊತ್ತು ಮಾಡಿದೆ.

ನವೆಂಬರ್ ಕೊನೆಗೆ ಅಭ್ಯಾಸವನ್ನು ಮೈದಾನಕ್ಕೆ ಒಯ್ದೆ. ಕಾರ್ಯಕ್ರಮ ಇರುವ ಹೊತ್ತಿಗೇ, ಸಂಜೆ ಏಳಕ್ಕೆ. ನಾಲ್ಕು ಸಂಜೆ. ಕೊಳಲು, ಕ್ಲಾರಿನೆಟ್ ಮಕ್ಕಳಿಗೆ ಕಾಯುವಾಗ ವಾದ್ಯವನ್ನು ಸ್ವೆಟರ್ ಒಳಗೆ ಇಟ್ಟುಕೊಳ್ಳಲು, ಸದ್ದಿಲ್ಲದೆ ಬೆಚ್ಚಗಿನ ಉಸಿರು ಬಿಡುತ್ತಿರಲು ಹೇಳಿದೆ. ಮಂಜಿಗೆ ಮೃದಂಗದ ಚರ್ಮ ಸಡಿಲವಾಗುತ್ತಿತ್ತು. ಆ ಹುಡುಗ ಕಲ್ಲನ್ನು ಜೇಬಿನಲ್ಲೇ ಇಟ್ಟುಕೊಂಡ, ಮೃದಂಗದ ಎಡ ಮುಖಕ್ಕೆ ಹಚ್ಚುವ ಕಲಸಿದ ರವೆಯನ್ನು ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಹಚ್ಚಿದ.

ವಾರ್ಷಿಕೋತ್ಸವದ ಸಂಜೆ ನಮಗಿಂತ ಮೊದಲಿದ್ದ ನೃತ್ಯ ತಡವಾಯಿತು. ಪರದೆಯ ಹಿಂದೆ 25 ನಿಮಿಷ ನಿಂತೆವು, ಗಾಳಿ ಜೋರಾಗಿತ್ತು. ಮತ್ತೆ ಶ್ರುತಿ ನೋಡಿ ಎಂದು ಹೇಳಲು ನಾನು ತಿರುಗಿದೆ. ಅಷ್ಟರಲ್ಲಿ ಟ್ರಂಪೆಟ್ ಹುಡುಗನೊಬ್ಬ ಬಗ್ಗಿ ಕೊಳಲಿನ ಹುಡುಗಿಗೆ ಮೆಲ್ಲಗೆ "ಸ ಕೊಡೇ" ಅಂದ. ಅವಳು ಊದಿದಳು. ಅವನು ಸ್ಲೈಡ್ ಕೂದಲೆಳೆಯಷ್ಟು ತಳ್ಳಿದ. ಅವನ ಪಕ್ಕದಲ್ಲಿ ಕ್ಲಾರಿನೆಟ್‌ನವಳು, ಆಮೇಲೆ ಪಿಟೀಲುಗಳು.