ಹಚಿಯೋಜಿ ಬೆಟ್ಟದ ಕೋಟೆ: ನಾನು ಹತ್ತಿದ ಬಗೆ, ನೋಡಿದ ಬಗೆ

ಜಪಾನಿನ ಕೋಟೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹಿಮೆಜಿಯ ಬಿಳಿ ಗೋಪುರ. ಅಂಥ ಗೋಪುರಗಳು ಎದ್ದಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ, ಪಾಳೆಗಾರರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ಕಾಲದಲ್ಲಿ, ಬೆಟ್ಟವೇ ಕೋಟೆ. ನೆತ್ತಿ ಕಡಿದು ಸಮತಟ್ಟು ಮಾಡುತ್ತಿದ್ದರು. ಬೆಟ್ಟದ ಏಣನ್ನು, ಅಂದರೆ ಉದ್ದಕ್ಕೆ ಚಾಚಿದ ಬೆನ್ನನ್ನು, ಅಡ್ಡಡ್ಡ ಕತ್ತರಿಸಿ ಕಂದಕ ತೋಡುತ್ತಿದ್ದರು. ಮೇಲೆ ಮರದ ಬೇಲಿ, ಕಾವಲು ಮನೆ. ಮರ ಸುಟ್ಟುಹೋಯಿತು, ಇಲ್ಲವೇ ಕೊಳೆಯಿತು. ಕಡಿದ ಮಣ್ಣು ಮಾತ್ರ ಹಾಗೇ ಉಳಿದಿದೆ. ಇಂಥ ಕೋಟೆಗಳಿಗೆ ಅಲ್ಲಿ ಯಾಮಾಜಿರೊ ಅನ್ನುತ್ತಾರೆ. ನನಗೆ ಗೋಪುರಗಳಿಗಿಂತ ಇವೇ ಜಾಸ್ತಿ ಇಷ್ಟ.

ಟೋಕಿಯೋದಲ್ಲಿ ಕೆಲಸ ಮಾಡುವ ನಮ್ಮವರಿಗೆ ತೀರಾ ಹತ್ತಿರದಲ್ಲಿ ಸಿಗುವ ಒಳ್ಳೆಯ ಯಾಮಾಜಿರೊ ಹಚಿಯೋಜಿ ಕೋಟೆ. ನಮ್ಮವರು ಹೆಚ್ಚಾಗಿರುವ ನಿಶಿಕಸಾಯಿಯಿಂದ ತೋಜಾಯ್ ಲೈನಿನಲ್ಲಿ ನಕಾನೋಗೆ ಹೋಗಿ, ಅಲ್ಲಿ ಚೂಓ ಲೈನ್ ಹಿಡಿದು ತಕಾವೊದಲ್ಲಿ ಇಳಿದರಾಯಿತು. ಅಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ತಕಾವೊ ಬೆಟ್ಟಕ್ಕೆ ಹೊರಟಿರುತ್ತಾರೆ. ಕೋಟೆಗೆ ಹೋಗುವವರು ಉತ್ತರದ ಬಾಗಿಲಿಂದ ಹೊರಬಂದು ಬಸ್ ಹತ್ತಬೇಕು. ಶನಿವಾರ, ಭಾನುವಾರ ಕೋಟೆಯ ಬುಡದ ತನಕ ಬಸ್ ಇದೆ. ಬೇರೆ ದಿನ ‘ರೆಯೆನ್‌ಮಾಎ’ ನಿಲ್ದಾಣದಲ್ಲಿ ಇಳಿದು ಇಪ್ಪತ್ತು ನಿಮಿಷದಷ್ಟು ನಡೆಯಬೇಕು. ಟಿಕೆಟ್ ಇಲ್ಲ. ನೀರು, ತಿಂಡಿ ಸ್ಟೇಷನ್ ಹತ್ತಿರವೇ ತಗೊಳ್ಳಿ. ನಾನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯುತ್ತೇನೆ.

ಹೋಗಬೇಕಾದ್ದು ಚಳಿಗಾಲದಲ್ಲಿ. ಡಿಸೆಂಬರಿನಿಂದ ಮಾರ್ಚ್ ತನಕ ಎಲೆ ಉದುರಿ, ಗಿಡಗಂಟಿ ಒಣಗಿರುತ್ತದೆ. ಆಗ ನೆಲದ ಏರಿಳಿತ ಬರಿಗಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಹೋದರೆ ಸುಮ್ನೆ ಕಾಡು ಸುತ್ತಿ ಬಂದ ಹಾಗೆ. ಶರತ್ಕಾಲದಲ್ಲಿ ದೊಡ್ಡ ಕಣಜಗಳ ಕಾಟವೂ ಇದೆ. ಕಪ್ಪು ಬಟ್ಟೆ ಕಂಡರೆ ಅವು ಮೈಮೇಲೆ ಬರುತ್ತವೆ.

ಬುಡದಲ್ಲಿ ಒಂದು ಮಾಹಿತಿ ಕೇಂದ್ರವಿದೆ. ಕಾಲು ಗಂಟೆಯಾದರೂ ಅಲ್ಲಿ ಕಳೆಯಿರಿ. ಕೋಟೆಯ ನಕ್ಷೆ ಕೈಯಲ್ಲಿಲ್ಲದೆ ಬೆಟ್ಟ ಹತ್ತಬೇಡಿ. ಎಲ್ಲಿ ಸಮತಟ್ಟು, ಎಲ್ಲಿ ಕಂದಕ, ದಾರಿ ಎಲ್ಲಿ ತಿರುಗುತ್ತದೆ ಎಂಬುದನ್ನು ಗೆರೆಗಳಲ್ಲಿ ತೋರಿಸುವ ನಕ್ಷೆ ಅದು. ಸ್ವಯಂಸೇವಕ ಗೈಡ್‌ಗಳೂ ಇರುತ್ತಾರೆ, ದುಡ್ಡು ಕೇಳುವುದಿಲ್ಲ. ಜಪಾನೀ ಭಾಷೆ ಅಷ್ಟಕ್ಕಷ್ಟೇ ಆದರೂ ಅವರ ಜೊತೆ ಹೋಗಿ. ಕೋಲಿನಿಂದ ನೆಲ ತೋರಿಸಿ ವಿವರಿಸುತ್ತಾರೆ, ಅರ್ಧ ಹಾಗೇ ಅರ್ಥವಾಗುತ್ತದೆ.

ಕೋಟೆ ಕಟ್ಟಿಸಿದವನು ಹೋಜೋ ಉಜಿತೆರು. ಒಡವಾರಾ ಕೋಟೆಯಿಂದ, ಟೋಕಿಯೋ ಸುತ್ತಲಿನ ಕಾಂಟೋ ಪ್ರಾಂತ್ಯವನ್ನು ಆಳುತ್ತಿದ್ದ ಹೋಜೋ ಮನೆತನದವನು. ಮೊದಲು ಅವನಿದ್ದದ್ದು ತಕಿಯಾಮಾ ಕೋಟೆಯಲ್ಲಿ. 1569ರಲ್ಲಿ ತಕೆದಾ ಶಿಂಗೆನ್ ಎಂಬ ಇನ್ನೊಬ್ಬ ಪಾಳೆಗಾರ ಅದರ ಮೇಲೆ ಬಿದ್ದ. ಕೋಟೆ ಸ್ವಲ್ಪದರಲ್ಲಿ ಉಳಿಯಿತು. ಆಮೇಲೆ ಉಜಿತೆರು ಇನ್ನೂ ಎತ್ತರದ, ಇನ್ನೂ ಕಡಿದಾದ ಈ ಬೆಟ್ಟವನ್ನು ಆರಿಸಿಕೊಂಡ. ಎತ್ತರ ಸುಮಾರು 445 ಮೀಟರ್. ಇಲ್ಲಿನ ದೇವರು ಗೊಜು ತೆನ್ನೊನ ಎಂಟು ಮಕ್ಕಳು. ಆ ಗೊಜು ತೆನ್ನೊ ನಮ್ಮ ಶ್ರಾವಸ್ತಿಯಲ್ಲಿ ಬುದ್ಧ ತಂಗುತ್ತಿದ್ದ ಜೇತವನವನ್ನು ಕಾಯುವ ದೇವರು ಅಂತ ಜಪಾನಿನಲ್ಲಿ ನಂಬಿಕೆ. ಅದನ್ನು ಓದಿದ ಮೇಲೆ ಮೇಲಿನ ಪುಟ್ಟ ಗುಡಿಯ ಮುಂದೆ ಕೈಮುಗಿಯದೆ ಬರಲು ನನಗೆ ಮನಸ್ಸಾಗುವುದಿಲ್ಲ.

ಹತ್ತುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಈ ನೆಲ ತಾನಾಗಿ ಹೀಗಿದೆಯಾ, ಅಥವಾ ಯಾರಾದರೂ ಹೀಗೆ ಮಾಡಿದ್ದಾ? ಇಕ್ಕಟ್ಟಾದ ಏಣಿನ ಮೇಲೆ ಅಂಗಳದಂಥ ಜಾಗ ತಾನಾಗಿ ಹುಟ್ಟುವುದು ಅಪರೂಪ. ಅಂಥದ್ದು ಕಂಡರೆ ಅದು ಕುರುವಾ, ಅಂದರೆ ಸೈನಿಕರು ನಿಲ್ಲುತ್ತಿದ್ದ ತಟ್ಟು. ಹಾದಿಯ ಕೆಳಭಾಗದಲ್ಲೇ ಕನೆಕೊ ಕುರುವಾ ಸಿಗುತ್ತದೆ. ಏಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಅಲ್ಲಿ ನಾನು ಕೆಳಗಿನ ತಟ್ಟಿನಲ್ಲಿ ನಿಂತು ಮೇಲಕ್ಕೆ ನೋಡುತ್ತೇನೆ, ಆಮೇಲೆ ಮೇಲೆ ಹೋಗಿ ಕೆಳಕ್ಕೆ ನೋಡುತ್ತೇನೆ. ಕೆಳಗಿಂದ ಮೇಲಿನವರು ಕಾಣುವುದೇ ಇಲ್ಲ. ಮೇಲಿಂದ ಕೆಳಗಿನವರ ತಲೆ ಪೂರ್ತಿ ಕಾಣುತ್ತದೆ. ಒಂದು ತಟ್ಟು ಗೆದ್ದು ಬಂದರೆ ಮೇಲೆ ಇನ್ನೊಂದು ಅಷ್ಟೇ ಕಡಿದಾದ ಮಣ್ಣಿನ ಗೋಡೆ, ಅದರ ಮೇಲೆ ಮತ್ತೊಂದು.

ನಲವತ್ತು ನಿಮಿಷದಲ್ಲಿ ನೆತ್ತಿಗೆ ಬರಬಹುದು. ತುದಿಯ ಹತ್ತಿರ ಮರಗಳ ನಡುವೆ ಒಂದು ಕಡೆ ಕಾಂಟೋ ಬಯಲು ಪೂರ್ತಿ ತೆರೆದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಟೋಕಿಯೋದ ಶಿಂಜುಕುವಿನ ಕಟ್ಟಡಗಳೂ ಕಾಣುತ್ತವೆ. ಹೋಜೋಗಳು ಇಲ್ಲೇ ಯಾಕೆ ಕೂತರು ಅಂತ ಕೇಳಬೇಕಾಗೇ ಇಲ್ಲ. ತುತ್ತತುದಿಯ ಹೊಮ್ಮಾರು, ಅಂದರೆ ಕೋಟೆಯ ಮುಖ್ಯ ತಟ್ಟು, ಮಾತ್ರ ತುಂಬಾ ಚಿಕ್ಕದು. ಇಷ್ಟೇನಾ ಅನ್ನಿಸಬಹುದು. ಆದರೆ ಇದು ವಾಸಕ್ಕೆ ಕಟ್ಟಿದ್ದಲ್ಲ, ಕೊನೆಯ ತನಕ ಕಾದಾಡಲು ಕಟ್ಟಿದ್ದು. ಹತ್ತಿರದಲ್ಲೇ ಒಂದು ಬಾವಿ ಇದೆ. ಈಗ ಅದಕ್ಕೆ ಕೈಪಂಪು ಕೂರಿಸಿದ್ದಾರೆ. ಹಿಡಿ ಒತ್ತಿದಾಗ ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಕೈಗೆ ಭಾರ ತಾಗಿ, ತಣ್ಣಗಿನ ನೀರು ಬಂತು. ಬೆಟ್ಟದ ನೆತ್ತಿಯಲ್ಲಿ ನೀರು! ಅದಿಲ್ಲದಿದ್ದರೆ ಇಲ್ಲಿ ಕೋಟೆ ಕಟ್ಟುವ ಮಾತೇ ಇರುತ್ತಿರಲಿಲ್ಲ.

ಹೆಚ್ಚಿನವರು ಇಲ್ಲಿಂದ ವಾಪಸ್ ಇಳಿಯುತ್ತಾರೆ. ದಯವಿಟ್ಟು ಇಳಿಯಬೇಡಿ. ಪಶ್ಚಿಮಕ್ಕೆ ಏಣಿನ ಮೇಲೆ ಇನ್ನೂ ಅರ್ಧ ಗಂಟೆ ನಡೆಯಿರಿ. ಈ ಕೋಟೆಯ ಜೀವ ಇರುವುದು ಅಲ್ಲಿ. ಹಾದಿ ಇಕ್ಕಟ್ಟು, ಒಣ ಎಲೆ ಕಾಲಡಿ ಜಾರುತ್ತದೆ. ಹಿಡಿತ ಇರುವ ಶೂ ಬೇಕು, ಕರಡಿಗೆ ಗೊತ್ತಾಗಲೆಂದು ಚೀಲಕ್ಕೊಂದು ಗಂಟೆ ಬೇಕು. ದಾರಿಯುದ್ದಕ್ಕೂ ಕುಸಿದ ಕಲ್ಲುಗಳ ಸಾಲು. ತುದಿಯಲ್ಲಿ ‘ತ್ಸುಮೆ ನೊ ಶಿರೊ’, ಅಂದರೆ ಕೊನೆಯ ಆಸರೆಯ ಕೋಟೆ. ಅದರ ಬೆನ್ನಿಗೆ ದೊಡ್ಡ ಹೊರಿಕಿರಿ: ಏಣನ್ನು ಅಡ್ಡಕ್ಕೆ ಕತ್ತರಿಸಿದ ಕಂದಕ.

ಅದನ್ನು ಮಣ್ಣಿನಲ್ಲಿ ತೋಡಿಲ್ಲ, ಬಂಡೆಯಲ್ಲೇ ಕಡಿದಿದ್ದಾರೆ. ರೊಟ್ಟಿಯನ್ನು ಚಾಕುವಿನಿಂದ ಕುಯ್ದ ಹಾಗೆ ಬೆಟ್ಟ ಅಲ್ಲಿ ತುಂಡಾಗಿದೆ. ನಾನು ಕೆಳಗಿಳಿದು ಎರಡೂ ಗೋಡೆಗಳ ನಡುವೆ ನಿಂತೆ. ಬಂಡೆಗೆ ಕೈ ಹಚ್ಚಿದರೆ ಒರಟು ಅಂಚುಗಳು, ಸಂದಿನಲ್ಲಿ ಹಸಿ ಪಾಚಿ. ಶತ್ರು ಪಶ್ಚಿಮದಿಂದ ಏಣಿನ ಮೇಲೆ ನಡೆದು ಬಂದರೆ ಕೋಟೆಯ ಬೆನ್ನಿಗೇ ಬರಬಹುದು, ಅದೊಂದೇ ಸಲೀಸು ದಾರಿ. ಅದನ್ನು ಇಲ್ಲಿ ಕಡಿದು ಹಾಕಿದ್ದಾರೆ. ಮದ್ದು ಸಿಡಿಸಿದ್ದಲ್ಲ, ಯಂತ್ರವಿಲ್ಲ, ಕೈಯಲ್ಲೇ ಮಾಡಿದ್ದು. ಯಾರ ಕೈ ಅಂತ ಎಲ್ಲೂ ಬರೆದಿಲ್ಲ. ಕೋಟೆ ಕಟ್ಟಿದವನ ಹೆಸರಿನ ಜೊತೆ ಆ ಆಳುಗಳನ್ನೂ ನೆನೆಯಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಕೋಟೆ ಒಂದೇ ದಿನದಲ್ಲಿ ಬಿತ್ತು. 1590ರಲ್ಲಿ, ಜಪಾನನ್ನೆಲ್ಲ ಒಂದೇ ಆಳ್ವಿಕೆಗೆ ತರುತ್ತಿದ್ದ ತೊಯೊತೊಮಿ ಹಿದೆಯೋಶಿ ಹೋಜೋಗಳ ಮೇಲೆ ದಂಡೆತ್ತಿ ಬಂದಾಗ ಉಜಿತೆರು ತನ್ನ ಒಳ್ಳೆಯ ಸೈನ್ಯವನ್ನು ಕರೆದುಕೊಂಡು ಒಡವಾರಾಕ್ಕೆ ಹೋಗಿದ್ದ. ಇಲ್ಲಿ ಉಳಿದವರಲ್ಲಿ ರೈತರು, ಹೆಂಗಸರು, ಮಕ್ಕಳೂ ಇದ್ದರು. ಹಳೆಯ ಪಂಚಾಂಗದ ಆರನೇ ತಿಂಗಳ 23ರಂದು, ಬೆಳಕು ಹರಿಯುವ ಮುಂಚೆ, ಹಿದೆಯೋಶಿ ಕಡೆಯ ಮಾಎದಾ ತೊಶಿಇಎ ಮತ್ತು ಉಎಸುಗಿ ಕಾಗೆಕತ್ಸು ಅವರ ಭಾರಿ ಸೈನ್ಯ ಮುತ್ತಿತು. ಕಂದಕ ಎಷ್ಟೇ ಆಳವಿದ್ದರೂ ಅದರ ಮೇಲೆ ನಿಲ್ಲುವ ಜನ ಬೇಕಲ್ವಾ? ಎರಡು ವಾರದೊಳಗೆ ಒಡವಾರಾ ಶರಣಾಯಿತು. ಉಜಿತೆರು ಮತ್ತು ಅವನ ಅಣ್ಣ ಉಜಿಮಸ ಹೊಟ್ಟೆ ಸೀಳಿಕೊಂಡು ಸಾಯಬೇಕಾಯಿತು. ಕಾಂಟೋ ಪ್ರಾಂತ್ಯ ಹಿದೆಯೋಶಿ ಕಡೆಯ ಇನ್ನೊಬ್ಬ ಪಾಳೆಗಾರ ತೊಕುಗಾವಾ ಇಎಯಾಸುವಿನ ಕೈಗೆ ಬಂತು. ಅವನಿಗೆ ಈ ಕೋಟೆ ಬೇಕಿರಲಿಲ್ಲ. ಆಮೇಲೆ ಯಾರೂ ಇದರ ಮೇಲೆ ಬೇರೆ ಕೋಟೆ ಕಟ್ಟಲಿಲ್ಲ, ಅದಕ್ಕೇ ಇಷ್ಟು ಉಳಿದಿದೆ.

ಇಳಿದ ಮೇಲೆ ಕಣಿವೆಯಲ್ಲಿರುವ ಗೊಶುದೆನ್ ನೋಡಬೇಕು. ಉಜಿತೆರು ವಾಸವಿದ್ದ ಅರಮನೆಯ ಜಾಗ ಅದು. ಅಗೆದು, ಕಲ್ಲುಗೋಡೆ, ಅಗಲವಾದ ಮೆಟ್ಟಿಲು, ಸೇತುವೆಯನ್ನು ಮತ್ತೆ ನಿಲ್ಲಿಸಿದ್ದಾರೆ. ಫೋಟೋಗಳಲ್ಲಿ ಬರುವುದು ಹೆಚ್ಚಾಗಿ ಈ ಜಾಗವೇ. ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಮಾತ್ರವಲ್ಲ, ಇಟಲಿಯ ವೆನಿಸ್‌ನಲ್ಲಿ ಮಾಡಿದ ಗಾಜಿನ ಪಾತ್ರೆಯ ಚೂರುಗಳೂ ಸಿಕ್ಕಿವೆ. ಪಕ್ಕದಲ್ಲೇ ಪುಟ್ಟ ಜಲಪಾತ. ಕೋಟೆ ಬಿದ್ದ ದಿನ ಹೆಂಗಸರು ಇಲ್ಲಿ ಪ್ರಾಣ ಬಿಟ್ಟರು, ಹೊಳೆ ಮೂರು ದಿನ ಕೆಂಪಾಗಿ ಹರಿಯಿತು ಅಂತ ಊರವರು ಹೇಳುತ್ತಾ ಬಂದಿದ್ದಾರೆ. ಅಲ್ಲಿ ದನಿ ತಗ್ಗಿಸಿ ನಡೆಯಿರಿ, ಹೂವಿಟ್ಟು ಹೋಗುವವರು ಇರುತ್ತಾರೆ.

ಇದನ್ನು ನೋಡಿದವರು ತಕಿಯಾಮಾವನ್ನೂ ನೋಡಲೇಬೇಕು. ಎರಡನ್ನೂ ನೋಡಿದರೆ ಉಜಿತೆರು ಏನು ಬಿಟ್ಟು ಏನು ಆರಿಸಿದ ಅಂತ ಕಾಲಿಗೇ ತಿಳಿಯುತ್ತದೆ. ತಕಿಯಾಮಾ ತಗ್ಗಿನ ಗುಡ್ಡ, ಕೆಳಗೆ ತಮಾ ನದಿ. ಹತ್ತುವುದು ಸುಲಭ, ಕಂದಕಗಳು ಮಾತ್ರ ಇಲ್ಲಿಗಿಂತ ಅಗಲ. ಹಚಿಯೋಜಿ ಸ್ಟೇಷನ್ನಿನಿಂದ ಬಸ್ಸಿದೆ, ‘ತಕಿಯಾಮಾ-ಜೋಶಿ-ಶಿತಾ’ದಲ್ಲಿ ಇಳಿಯಿರಿ. ಏಪ್ರಿಲ್ ಮೊದಲಲ್ಲಿ ಸಾಕುರಾ ಹೂ ನೋಡಲು ಜನ ಸೇರುತ್ತಾರೆ. ಮಣ್ಣು ನೋಡಬೇಕಾದರೆ ಫೆಬ್ರವರಿಯಲ್ಲೇ ಹೋಗಿ.