ಅನುಮಾನ ಬೇರೆ, ವಿರೋಧ ಬೇರೆ: ಸಮಿತಿಯಲ್ಲಿ ಒಮ್ಮತಕ್ಕೆ ಬರುವ ಬಗೆ

ಅಪಾರ್ಟ್‌ಮೆಂಟ್ ಸಂಘದ ಏಳು ಜನರ ಸಮಿತಿ, ಮನೆಮನೆಗೂ ನೀರಿನ ಮೀಟರ್ ಹಾಕಿಸಬೇಕೇ ಎಂದು ತೀರ್ಮಾನಿಸಬೇಕಿದೆ ಅಂದುಕೊಳ್ಳಿ. ಕೈ ಎತ್ತಿಸಿದರೆ ಸಿಗುವುದು ಹೌದು, ಇಲ್ಲ ಎರಡೇ. ಇನ್ನೂ ಮನಸ್ಸು ಗಟ್ಟಿಯಾಗದವರು ಪಕ್ಕದವರ ಕೈ ನೋಡಿ ತಾವೂ ಎತ್ತುತ್ತಾರೆ. ಮೊದಲ ಬಿಲ್ ಬಂದ ದಿನ ಜಗಳ ಶುರು.

ಅದಕ್ಕೇ ಚರ್ಚೆಗೆ ಮುಂಚೆ ಚೀಟಿ ಹಂಚಿ. 0 ಎಂದರೆ ಬೇಡವೇ ಬೇಡ, 10 ಎಂದರೆ ಆಗಲೇಬೇಕು. ಒಂದೇ ಅಂಕ ಕೇಳಬೇಡಿ. ‘ಎಷ್ಟರಿಂದ ಎಷ್ಟು’ ಎಂದು ಎರಡು ಬರೆಸಿ. ಕೆಳಗೆ ಒಂದು ಸಾಲು: ‘ಏನು ತಿಳಿದರೆ, ಅಥವಾ ಏನು ಬದಲಾದರೆ, ನನ್ನ ಅಂಕ ಬದಲಾಗುತ್ತದೆ?’ ಹೆಸರು ಬೇಡ. ಚೀಟಿ ಡಬ್ಬಿಗೆ ಬೀಳುವವರೆಗೆ ಯಾರೂ, ಮುಖ್ಯವಾಗಿ ಅಧ್ಯಕ್ಷರು, ಅಭಿಪ್ರಾಯ ಹೇಳಬಾರದು. ಹೆಸರಿಲ್ಲದೆ ಸುತ್ತುಸುತ್ತಾಗಿ ಕೇಳುವ ಈ ಕ್ರಮದ ಮೂಲ, 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡ ಡೆಲ್ಫಿ ವಿಧಾನ.

ಚೀಟಿಗಳು ಹೀಗೆ ಬಂದವು ಎನ್ನಿ: 6–8, 5–7, 7–9, 6–7, 2–9, 1–10, 1–2. ಪ್ರತಿಯೊಂದರ ನಡು ತೆಗೆದರೆ ಸರಾಸರಿ ಸುಮಾರು 5.7, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಸರಿ ಮಧ್ಯೆ ಬರುವುದು) 6. ಇಷ್ಟಕ್ಕೇ ‘ಬಹುಮತ ಇದೆ’ ಎಂದು ಎದ್ದುಬಿಟ್ಟರೆ ತಪ್ಪಿದಿರಿ. 1–10 ಬರೆದವರ ನಡುವೂ 5.5, 5–6 ಬರೆದಿದ್ದರೂ 5.5, ಆದರೆ ಇಬ್ಬರ ಮನಸ್ಸು ಒಂದೇ ಅಲ್ಲ. ನಡುವಿನ ಜೊತೆಗೆ ಅಂತರವನ್ನೂ ಬೋರ್ಡಿನ ಮೇಲೆ ಬರೆಯಿರಿ. 2–9, 1–10 ಅನುಮಾನ. 1–2 ವಿರೋಧ.

ಅನುಮಾನಕ್ಕೆ ಮದ್ದು ಮಾಹಿತಿ. ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗೆ, ಒಂದೊಂದು ಬಚ್ಚಲಿಗೆ ಬೇರೆಬೇರೆ ಪೈಪ್ ಇಳಿದಿರುತ್ತದೆ; ಒಂದೇ ಮನೆಗೆ ನಾಲ್ಕೈದು ಮೀಟರ್ ಬೇಕಾಗಬಹುದು. ಪ್ಲಂಬರ್‌ನನ್ನು ಕರೆಸಿ ಎಣಿಸಿ, ಎರಡು ಕೊಟೇಶನ್ ತರಿಸುವ ಹೊತ್ತಿಗೆ ಆ ಅಂತರ ತಾನೇ ಕಿರಿದಾಗುತ್ತದೆ, ಮೇಲಕ್ಕೋ ಕೆಳಕ್ಕೋ. ಎರಡೂ ಒಳ್ಳೆಯದೇ.

ವಿರೋಧಕ್ಕೆ ಕೊಟೇಶನ್ ತೋರಿಸಿ ಪ್ರಯೋಜನವಿಲ್ಲ. ಅಲ್ಲಿ ಪ್ರಸ್ತಾವವೇ ಬದಲಾಗಬೇಕು. ದೊಡ್ಡ ಕುಟುಂಬಕ್ಕೆ ಹೊರೆಯಾಗುತ್ತದೆ ಎಂಬುದು ಚೀಟಿಯಲ್ಲಿದ್ದರೆ, ತಲೆಗೆ ದಿನಕ್ಕೆ 135 ಲೀಟರ್ (ನಗರಗಳಿಗೆ ನಮ್ಮ ದೇಶದಲ್ಲಿ ಬಳಸುವ ಮಾನದಂಡ) ನಿರ್ವಹಣಾ ಶುಲ್ಕದಲ್ಲೇ ಸೇರಿರಲಿ, ಮೇಲಿನದಕ್ಕೆ ಮಾತ್ರ ದರ ಎಂದು ತಿದ್ದಿ.

ವಾರ ಬಿಟ್ಟು ಮತ್ತೆ ಚೀಟಿ. ಮೂರು ಸುತ್ತು ಸಾಕು. ಆಮೇಲಿನದು ದಣಿವಿನ ಒಪ್ಪಿಗೆ. ಹೊಸ ಮಾಹಿತಿಯೇನೂ ಬಾರದೆ ಅಂತರಗಳೆಲ್ಲ ದಿಢೀರನೆ ಕಿರಿದಾದರೆ ನಡುವೆ ಯಾರೋ ಒತ್ತಡ ಹೇರಿದ್ದಾರೆಂದೇ ಶಂಕಿಸಿ, ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಗೆ ‘ಒಪ್ಪಿಗೆಯೇ?’ ಎಂದು ಕೇಳುವ ಬದಲು, ‘ಇಷ್ಟವಿಲ್ಲದಿದ್ದರೂ ಒಂದು ವರ್ಷ ನಡೆಸಿ ನೋಡಲು ಅಡ್ಡಿಯಿಲ್ಲವೇ?’ ಎಂದು ಒಬ್ಬೊಬ್ಬರನ್ನೇ ಕೇಳಿ. ಅಡ್ಡಿಯಿದೆ ಎಂದವರ ಕಾರಣವನ್ನು ಅವರದೇ ಮಾತಿನಲ್ಲಿ ನಡಾವಳಿ ಪುಸ್ತಕಕ್ಕೆ ಬರೆದು, ಮರುಪರಿಶೀಲನೆಯ ತಾರೀಕನ್ನು ಅದೇ ಪುಟದಲ್ಲಿ ನಮೂದಿಸಿ.