ಇಂಗ್ಲಿಷ್ ಪದ್ಯದ ಅಲಂಕಾರಗಳನ್ನು ಗುರುತಿಸುವುದು ಹೇಗೆ?

ಪರೀಕ್ಷೆಯಲ್ಲಿ ಇಂಗ್ಲಿಷ್ ಪದ್ಯವೊಂದನ್ನು ಕೊಟ್ಟು ಅದರ ಕಾವ್ಯತಂತ್ರಗಳನ್ನು ಗುರುತಿಸಿ ಎಂದು ಕೇಳಿದಾಗ, ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳೂ ಯಾವ ಸಾಲಿಗೆ ಯಾವ ಹೆಸರು ಎಂದು ತಿಳಿಯದೆ ತಡವರಿಸುತ್ತಾರೆ. ಇವುಗಳಲ್ಲಿ ಹಲವನ್ನು ಕನ್ನಡ ವ್ಯಾಕರಣದ ತರಗತಿಯಲ್ಲಿ ಅವರು ಈಗಾಗಲೇ ಕಲಿತಿರುತ್ತಾರೆ. ಆ ಕಲಿಕೆ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ವಿಲಿಯಂ ವರ್ಡ್ಸ್‌ವರ್ತ್ 1807ರಲ್ಲಿ ಪ್ರಕಟಿಸಿ 1815ರಲ್ಲಿ ತಿದ್ದಿ ಬೆಳೆಸಿದ, ‘ಡ್ಯಾಫೊಡಿಲ್ಸ್’ (ಒಂದು ಬಗೆಯ ಹಳದಿ ಹೂ) ಎಂದೇ ರೂಢಿಯಾಗಿರುವ 24 ಸಾಲುಗಳ ಕವಿತೆಯನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲು ಪದ್ಯವನ್ನು ಗಟ್ಟಿಯಾಗಿ ಓದಬೇಕು. ಲಘು ಗುರು ಹಾಕಿ ಮಾತ್ರೆ ಎಣಿಸುವ ಅಭ್ಯಾಸವನ್ನು ಇಲ್ಲಿ ಬದಿಗಿಡಿ. ಇಂಗ್ಲಿಷ್ ಛಂದಸ್ಸು ನಡೆಯುವುದು ಮಾತ್ರೆಯ ಮೇಲಲ್ಲ, ಒತ್ತಿನ ಮೇಲೆ. ‘ಐ ವಾಂಡರ್ಡ್ ಲೋನ್ಲಿ ಆ್ಯಸ್ ಎ ಕ್ಲೌಡ್’ ಎಂಬ ಮೊದಲ ಸಾಲಿನಲ್ಲಿ ಎಂಟು ಸಿಲಬಲ್‌ಗಳಿದ್ದು (ಒಂದೇ ಸಲಕ್ಕೆ ಉಚ್ಚರಿಸುವ ತುಣುಕುಗಳು), ವಾನ್, ಲೋನ್, ಆ್ಯಸ್, ಕ್ಲೌಡ್ ಎಂಬ ನಾಲ್ಕರ ಮೇಲೆ ಒತ್ತು ಬೀಳುತ್ತದೆ. ಒತ್ತಿಲ್ಲದ್ದೊಂದು, ಒತ್ತಿರುವುದೊಂದು ಸೇರಿದ ಗಣಕ್ಕೆ ಅಯಾಂಬ್ ಎಂದು ಹೆಸರು. ಅಂಥ ನಾಲ್ಕು ಗಣಗಳ ಸಾಲು ಅಯಾಂಬಿಕ್ ಟೆಟ್ರಾಮೀಟರ್. ಆದರೆ ಹೂಗಳು ಗಾಳಿಗೆ ಪಟಪಟಿಸುವ ಆರನೆಯ ಸಾಲು ‘ಫ್ಲಟರಿಂಗ್’ ಎಂದು ಒತ್ತಿನಿಂದಲೇ ಶುರುವಾಗಿ ಈ ನಡೆಯನ್ನು ಮುರಿಯುತ್ತದೆ. ಇದನ್ನು ಕಿವಿ ಹಿಡಿದೀತೇ ಹೊರತು ಕಣ್ಣು ಹಿಡಿಯಲಾರದು.

ಮುಂದಿನದು ಪ್ರಾಸ. ಹಳಗನ್ನಡ ಪದ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದ್ದರೆ, ಇಲ್ಲಿ ಸಾಲಿನ ಕೊನೆಯಲ್ಲಿದೆ. ಪ್ರತಿ ಸಾಲಿನ ಕೊನೆಯ ಪದಕ್ಕೆ ಎ, ಬಿ, ಸಿ ಎಂದು ಗುರುತು ಹಾಕುತ್ತ ಹೋದರೆ ಆರು ಸಾಲಿನ ಚರಣಕ್ಕೆ ಎಬಿಎಬಿಸಿಸಿ ಎಂಬ ವಿನ್ಯಾಸ ಸಿಗುತ್ತದೆ. ‘ಟ್ರೀಸ್’, ‘ಬ್ರೀಜ್’ ಪದಗಳ ಕಾಗುಣಿತ ಬೇರೆಯಾದರೂ ಇಂಗ್ಲಿಷ್ ಉಚ್ಚಾರಣೆಯಲ್ಲಿ ಎರಡೂ ಒಂದೇ ಧ್ವನಿಯಿಂದ ಮುಗಿಯುವುದರಿಂದ ಅವು ಪ್ರಾಸವೇ. ನಮ್ಮ ಅನುಪ್ರಾಸಕ್ಕೆ ಹತ್ತಿರವಾದ, ಪದಗಳ ಮೊದಲ ಧ್ವನಿ ಮರುಕಳಿಸುವ ಅಲಿಟರೇಶನ್‌ಗೂ ಇದೇ ನಿಯಮ: ‘ಸಿಟಿ’, ‘ಕ್ಯಾಟ್’ ಎರಡನ್ನೂ ಸಿ ಅಕ್ಷರದಿಂದ ಬರೆದರೂ ಅಲ್ಲಿ ಅಲಿಟರೇಶನ್ ಇಲ್ಲ.

ಹೋಲಿಕೆಗಳ ವಿಷಯದಲ್ಲಿ ಕನ್ನಡ ಪಾಠ ನಿಜವಾಗಿ ಕೈ ಹಿಡಿಯುತ್ತದೆ. ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು ಎಂಬ ವಾಕ್ಯವನ್ನು ಬಿಡಿಸಿದಂತೆಯೇ ಮೊದಲ ಸಾಲನ್ನೂ ಬಿಡಿಸಬಹುದು: ಕವಿ ಉಪಮೇಯ, ಮೋಡ ಉಪಮಾನ, ಒಂಟಿಯಾಗಿ ಅಲೆಯುವುದು ಸಮಾನಧರ್ಮ, ‘ಆ್ಯಸ್’ ಉಪಮಾವಾಚಕ. ಸಿಮಿಲಿಯೆಂದರೆ ಇಷ್ಟೇ. ವಾಚಕಪದವಿಲ್ಲದೆ ಒಂದನ್ನು ಇನ್ನೊಂದೇ ಎಂದುಬಿಟ್ಟರೆ ಅದು ಮೆಟಫರ್, ಅಂದರೆ ರೂಪಕ. ಹೂಗಳ ನೋಟ ತನಗೆ ತಂದುಕೊಟ್ಟದ್ದನ್ನು ಕವಿ ‘ವೆಲ್ತ್’, ಸಂಪತ್ತು, ಎನ್ನುವುದು ಅದಕ್ಕೆ ಉದಾಹರಣೆ. ಒಂದೇ ನೋಟಕ್ಕೆ ಹತ್ತು ಸಾವಿರ ಹೂ ಕಂಡೆನೆಂಬುದು ಹೈಪರ್ಬಲಿ, ನಮ್ಮ ಅತಿಶಯೋಕ್ತಿ. ಹೂಗಳು ತಲೆಯಾಡಿಸಿ ಕುಣಿಯುವುದು ಪರ್ಸಾನಿಫಿಕೇಶನ್, ಅಂದರೆ ಮನುಷ್ಯರಲ್ಲದವಕ್ಕೆ ಮನುಷ್ಯರ ನಡೆ ಕೊಡುವುದು.

ಅಂಕ ಕಳೆದುಕೊಳ್ಳುವುದು ಕೊನೆಯ ಹಂತದಲ್ಲಿ. ಹೆಸರು ಬರೆದು ಸಾಲು ಉದ್ಧರಿಸಿದರೆ ಉತ್ತರ ಮುಗಿಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ ಆ ತಂತ್ರದಿಂದ ಪದ್ಯದಲ್ಲಿ ಏನಾಯಿತು ಎಂಬ ವಾಕ್ಯವಿಲ್ಲದಿದ್ದರೆ ಅದು ಬರೀ ಪಟ್ಟಿ. ಪೆನ್ಸಿಲ್ ಹಿಡಿದು ಕುಣಿತದ ಪದಕ್ಕೆ ಅಡಿಗೆರೆ ಎಳೆಯುತ್ತ ಬನ್ನಿ. ‘ಡಾನ್ಸಿಂಗ್’, ‘ಡಾನ್ಸ್’, ‘ಡಾನ್ಸ್ಡ್’, ‘ಡಾನ್ಸಸ್’ ಎಂದು ನಾಲ್ಕು ಚರಣಗಳಲ್ಲೂ ಅದು ರೂಪ ಬದಲಿಸಿಕೊಂಡು ಬರುತ್ತದೆ. ಮೊದಲೆರಡು ಚರಣಗಳಲ್ಲಿ ಕುಣಿಯುವುದು ಹೂ, ಮೂರನೆಯದರಲ್ಲಿ ಅಲೆಗಳೂ ಸೇರುತ್ತವೆ, ನಾಲ್ಕನೆಯದರಲ್ಲಿ ಮನೆಯೊಳಗೆ ಮಂಚದ ಮೇಲೆ ಒರಗಿದ ಕವಿಯ ಹೃದಯ ಕುಣಿಯುತ್ತದೆ. ಉತ್ತರಪತ್ರಿಕೆಯಲ್ಲಿ ಪರ್ಸಾನಿಫಿಕೇಶನ್ ಎಂಬ ಪದದ ಮುಂದೆ ಬರೆಯಬೇಕಾದದ್ದು ಈ ಮಾತನ್ನೇ.